ಒಬ್ಬರು ಮಲಗುವ ಜೋಕಾಲಿ

ಹೋದ ವಾರ ಠಾಣಾ ಕುಶನೂರದಿಂದ ಬೀದರಿಗೆ ಬರುವ ಬಸ್ಸು ದಾರಿಯಲ್ಲೇ ಕೆಟ್ಟು ನಿಂತಿತು. ಮಳೆ ಆಗಷ್ಟೇ ನಿಂತಿತ್ತು. ಇಳಿದರೆ ಎರೆಮಣ್ಣು ಚಪ್ಪಲಿಗೆ ಮೆತ್ತಿಕೊಂಡು ಬಿಡುವುದಿಲ್ಲ ಎಂದು ಯಾರೂ ಇಳಿಯಲಿಲ್ಲ; ಕಿಟಕಿಯಿಂದ ತಲೆ ಹೊರಗೆ ಹಾಕಿ ಡ್ರೈವರನನ್ನು ಬೈಯುತ್ತ ಕೂತೆವು. ಪಕ್ಕದ ಹೊಲದಲ್ಲಿ ಕೊಯ್ದು ಗುಡ್ಡೆ ಹಾಕಿದ ಸೋಯಾ ಪೂರ್ತಿ ನೆನೆದುಹೋಗಿತ್ತು. ನೆನೆದ ಸೋಯಾ ಗುಡ್ಡೆಯಿಂದ ಒಂದು ಹುಳಿ ವಾಸನೆ ಏಳುತ್ತದೆ, ಹಳಸಿದ ಹಿಟ್ಟು ಮತ್ತು ಬೆವರು ಕೂಡಿಕೊಂಡಂಥದ್ದು. ಈ ಕಡೆ ಕೆಲಸ ಮಾಡುವವರಿಗೆ ಅದು ಹೊಸದಲ್ಲ. ಆದರೆ ಆ ಹೊತ್ತಿಗೆ ಅದು ಮೂಗಿಗೆ ಬಡಿದದ್ದೇ ತಡ, ನಾನು ಹ್ಯಾಮಕ್, ಅಂದರೆ ಗಿಡಕ್ಕೆ ಕಟ್ಟಿ ಮಲಗುವ ಜೋಕಾಲಿ, ಕೊಂಡ ವರ್ಷ ನೆನಪಾಯಿತು.

ಆಗ ನಾನು ಔರಾದ ತಾಲೂಕಿನ ಒಂದು ಆಸ್ಪತ್ರೆಯಲ್ಲಿ ಗುತ್ತಿಗೆಯ ನರ್ಸ್. ನಮ್ಮ ಮನೆಯವರು, ಮಿಲಿಂದ ಅಂತ, ಭಾಲ್ಕಿ ಕಡೆಯ ಒಂದು ಕರೆಂಟ್ ಸಬ್‌ಸ್ಟೇಷನ್ನಿನಲ್ಲಿ ಆಪರೇಟರ್. ಮನೆ ಮಾತ್ರ ಬೀದರಿನಲ್ಲಿ. ಮಗಳು ಹಾಸ್ಟೆಲಿನಲ್ಲಿ ಓದುತ್ತಿದ್ದಳು, ಮನೆಯಲ್ಲಿ ನಮ್ಮ ಜೊತೆ ಇದ್ದವರು ಅತ್ತೆ ಒಬ್ಬರೇ. ಕಮಠಾಣದ ಹೊಲಮನೆ ಕೆಲಸ ಮಾಡಿ ಗಟ್ಟಿಯಾದ ಜೀವ, ನಾಲಿಗೆಯೂ ಅಷ್ಟೇ ಗಟ್ಟಿ. ನಮ್ಮಿಬ್ಬರದೂ ಪಾಳಿಯ ಕೆಲಸ. ನಾನು ಔರಾದ ಬಸ್ಸಿನಿಂದ ಇಳಿಯುವ ಹೊತ್ತಿಗೆ ಅವರು ಭಾಲ್ಕಿ ಬಸ್ಸು ಹತ್ತಲು ನಿಂತಿರುತ್ತಿದ್ದರು. ಬಸ್ ಸ್ಟ್ಯಾಂಡಿನಲ್ಲೇ ನಮ್ಮ ಸಂಸಾರ. "ರೊಟ್ಟಿ ಅವ, ಪಲ್ಯಾ ಇಲ್ಲ." "ನಿಮ್ಮ ಅವ್ವ ಗುಳಿಗಿ ತಗೊಂಡಾರೇನ್ರಿ?" "ತಗೊಂಡಾಳ." ಇಷ್ಟೇ ಮಾತು, ಅಷ್ಟರಲ್ಲಿ ಕಂಡಕ್ಟರ್ ಸೀಟಿ ಊದುತ್ತಿದ್ದ.

ಆ ವರ್ಷ ಮಳೆ ಶುರುವಾದಾಗಿನಿಂದ ಬಿಡಲಿಲ್ಲ. ಮಳೆ ಬಂದರೆ ನಮ್ಮಿಬ್ಬರಿಗೂ ಕೆಲಸ ಹೆಚ್ಚು. ನನಗೆ ಜ್ವರ, ವಾಂತಿಭೇದಿ, ಹಾವು ಕಡಿದವರು. ಅವರಿಗೆ ಹರಿದ ತಂತಿ, ಬಿದ್ದ ಕಂಬ. ಆಷಾಢದ ಒಂದು ನಸುಕಿನಲ್ಲಿ ಒಬ್ಬ ಲೈನ್‌ಮನ್ ಯಾವುದೋ ಹಳ್ಳಿಯಲ್ಲಿ ಕಂಬ ಹತ್ತಿದ್ದ. ಹತ್ತುವ ಮೊದಲು ಲೈನ್‌ಮನ್‌ಗಳು ಸಬ್‌ಸ್ಟೇಷನ್ನಿಗೆ ಫೋನ್ ಮಾಡಿ ಆ ಲೈನಿನ ಕರೆಂಟ್ ತೆಗೆಸುತ್ತಾರೆ. ಕೆಳಗಿಳಿದು ಮತ್ತೆ ಫೋನ್ ಮಾಡಿದ ಮೇಲೆಯೇ ಆಪರೇಟರ್ ಕರೆಂಟ್ ಹಾಕಬೇಕು. ನಡುವಿನ ಹೊತ್ತು ಆ ಮನುಷ್ಯನ ಜೀವ ಆಪರೇಟರನ ಕೈಯಲ್ಲಿ. ಜೊತೆಯವರು ರಜೆ ಹಾಕಿದ್ದಕ್ಕೆ ನಮ್ಮ ಮನೆಯವರು ಪಾಳಿಯ ಮೇಲೆ ಪಾಳಿ ಮಾಡಿದ್ದರು. ಕೂತಲ್ಲೇ ತೂಕಡಿಸಿದರು. ಎಚ್ಚರಾದಾಗ, ಲೈನ್‌ಮನ್ ಇಳಿದೆ ಎಂದು ಫೋನ್ ಮಾಡಿದ್ದನೋ, ತಾವೇ ಕನಸು ಕಂಡದ್ದೋ ತಿಳಿಯಲಿಲ್ಲ. ಸ್ವಿಚ್ಚಿನ ಮೇಲೆ ಕೈ ಇಟ್ಟಾಗಿತ್ತು. ಏನೋ ಅನುಮಾನ ಬಂದು ಫೋನ್ ಮಾಡಿದರೆ ಅವನು ಕಂಬದ ಮೇಲಿಂದಲೇ ಎತ್ತಿದನಂತೆ: "ಇನ್ನಾ ಮ್ಯಾಲೇ ಇದ್ದೀನ್ರಿ ಸಾಹೇಬ್ರ, ಆತು, ಇಳೀತೇನಿ."

ಏನೂ ಆಗಲಿಲ್ಲ. ಲೈನ್‌ಮನ್ ಇಳಿದ, ಬಂದು ಇವರ ಜೊತೆ ಚಹಾ ಕುಡಿದು ಹೋದ. ಅವನಿಗೆ ಇವತ್ತಿಗೂ ಗೊತ್ತಿಲ್ಲ. ಇವರು ನನಗೆ ಹೇಳಿದ್ದೂ ಒಂದೇ ಸಲ, ಬಸ್ ಸ್ಟ್ಯಾಂಡಿನ ಗದ್ದಲದಲ್ಲಿ ನಿಂತು. "ಕೈ ಇಟ್ಟಿದ್ದೆ ಶೀಲಾ," ಅಂದು ಬಲಗೈ ತೋರಿಸಿದರು. ಅಂದಿನಿಂದ ಇವರ ನಿದ್ದೆ ಹೋಯಿತು.

ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಬಂದು ಮಲಗುತ್ತಿದ್ದರು. ಮಲಗಿದರೆ ಫ್ಯಾನು ನೋಡುತ್ತಿದ್ದರು. ಡಾಕ್ಟರು ಕೊಟ್ಟ ಗುಳಿಗೆ ಮುಟ್ಟಲಿಲ್ಲ. "ಇದರ ಮಂಪರ ಡ್ಯೂಟಿ ಮ್ಯಾಲ ಬಂದ್ರ ಏನು ಮಾಡ್ಲಿ?" ಎಂದರು. ಕಣ್ಣು ಗುಳಿ ಬಿದ್ದವು. ನಾನು ನರ್ಸ್ ಅಲ್ಲವೇ, ನನಗೆ ಗೊತ್ತಿದ್ದದ್ದನ್ನು ಮಾಡಿದೆ. ನಾನು ಮನೆಯಲ್ಲಿರುವ ಹೊತ್ತೆಲ್ಲ ಪಕ್ಕದಲ್ಲೇ ಮಲಗಿ ನೋಡಿಕೊಂಡೆ. ಉಸಿರು ಸಮನಾಯಿತೇ, ನಾಡಿ ಇಳಿಯಿತೇ. "ನಿದ್ದಿ ಹತ್ತಿತೇನ್ರಿ?" ಅಂತ ಮೆಲ್ಲಗೆ ಕೇಳುತ್ತಿದ್ದೆ. "ಇಲ್ಲ," ಎನ್ನುತ್ತಿದ್ದರು. ಇವರು ನಿದ್ದೆ ಮಾಡದಿದ್ದರೆ ಇವತ್ತಲ್ಲ ನಾಳೆ ಯಾರೋ ಒಬ್ಬ ಕಂಬದ ಮೇಲೆಯೇ ಸುಟ್ಟುಹೋಗುತ್ತಾನೆ, ಆಮೇಲೆ ಇವರೂ ಉಳಿಯುವುದಿಲ್ಲ. ಆ ಇಡೀ ಮಳೆಗಾಲ ನಾನು ಇದೊಂದೇ ಭಯವನ್ನು ಹೊತ್ತು ತಿರುಗಿದೆ.

ಶ್ರಾವಣದಲ್ಲಿ ಒಂದು ದಿನ ಡ್ಯೂಟಿ ರೂಮಿನಲ್ಲಿ ಗ್ರೇಸಕ್ಕ ನನ್ನನ್ನು ಹಿಡಿದು ಕೂಡಿಸಿದರು. ಗ್ರೇಸಕ್ಕ ನಮ್ಮ ಹಿರಿಯ ಸಿಸ್ಟರ್. ಬೀದರಿನ ಹಳೆಯ ಮೆಥೋಡಿಸ್ಟ್ ಕುಟುಂಬ, ಅವರ ತಾಯಿಯೂ ನರ್ಸ್ ಆಗಿದ್ದವರು. ಗ್ರೇಸಕ್ಕ ಮದುವೆ ಮಾಡಿಕೊಂಡಿರಲಿಲ್ಲ. ಪ್ರತಿ ವರ್ಷ ಮಳೆ ಹೋದ ಮೇಲೆ ಅವರೂ ನಾಲ್ಕಾರು ಜನ ಗೆಳತಿಯರೂ, ಹೆಚ್ಚಿನವರು ಟೀಚರುಗಳು, ಬೆನ್ನಿಗೆ ಚೀಲ ಹಾಕಿಕೊಂಡು ಮಾಂಜರಾ ನದಿಯ ದಂಡೆಗುಂಟ ನಡೆಯಲು ಹೋಗುತ್ತಿದ್ದರು.

"ಏ ಶೀಲಾ, ಕನ್ನಡ್ಯಾಗ ಮಾರಿ ನೋಡಿಕೊಂಡೀ ಏನು? ಪೇಷಂಟಗೋಳು ನಿನ್ನ ನೋಡಿ 'ಸಿಸ್ಟರ್, ನೀವೇ ಮಲಗ್ರಿ' ಅನ್ಲತ್ತಾರ. ಈ ವರ್ಷ ನಮ್ಮ ಜೋಡಿ ನಡಿ."

"ಮನಿ ಬಿಟ್ಟು ಎಲ್ಲಿ ಬರ್ಲಿ ಅಕ್ಕ?"

"ಯಾಕ, ಮನಿ ಓಡಿ ಹೋಗ್ತದೇನು? ಎರಡು ರಾತ್ರಿ. ಗಿಡದ ಬುಡಕ ಊಟ, ಗಿಡಕ್ಕ ಕಟ್ಟಿ ನಿದ್ದಿ. ಒಂದು ಹ್ಯಾಮಕ್ ತಗೋ, ಸಾಕು."

ನೆಲದ ಮೇಲೆ ಮಲಗಿದರೆ ಆಗುವುದಿಲ್ಲವೇ ಎಂದು ಕೇಳಿದೆ. ಗ್ರೇಸಕ್ಕ ಹಣೆ ಬಡಿದುಕೊಂಡರು. ಎರೆ ಭೂಮಿ ಮಳೆ ಹೋದ ಮೇಲೆ ಬಾಯಿ ಬಿಡುತ್ತದೆ, ಆ ಬಿರುಕಿನಲ್ಲಿ ಚೇಳಿರುತ್ತವೆ. ಹಸಿ ಇದ್ದರೆ ಹಾಸಿಗೆಯೇ ಮಣ್ಣಾಗುತ್ತದೆ. ಟೆಂಟು ತುಟ್ಟಿ, ಮೇಲೆ ಅದನ್ನು ಹೊತ್ತು ನಡೆದರೆ ಬೆನ್ನು ಹೋಗುತ್ತದೆ. ಇದೆಲ್ಲ ಸರಿ. ಆದರೆ ನನ್ನ ತಲೆಯಲ್ಲಿ ನಿಂತದ್ದು ಬೇರೆ ಮಾತು. ಚಿಕ್ಕವಳಿದ್ದಾಗ ನಾವು ಅಕ್ಕತಂಗಿಯರೆಲ್ಲ ಒಂದೇ ಚಾಪೆ. ನರ್ಸಿಂಗ್ ಓದುವಾಗ ಹಾಸ್ಟೆಲಿನಲ್ಲಿ ಒಂದು ಮಂಚಕ್ಕೆ ಇಬ್ಬರು. ಆಸ್ಪತ್ರೆಯ ಡ್ಯೂಟಿ ರೂಮಿನ ಮಂಚವೂ ಅಷ್ಟೇ, ಒಬ್ಬಳು ಎದ್ದ ಬಿಸಿ ಆರುವ ಮೊದಲೇ ಇನ್ನೊಬ್ಬಳು ಮಲಗುತ್ತಿದ್ದಳು. ನನಗೊಬ್ಬಳಿಗೇ ಅಂತ ಮಲಗುವ ಜಾಗ ಇಷ್ಟು ವಯಸ್ಸಾದರೂ ಇರಲಿಲ್ಲ. ಇದನ್ನು ಬಾಯಿಬಿಟ್ಟು ಹೇಳಿದರೆ ಜನ ನಗುತ್ತಾರೆ ಎಂದು ಸುಮ್ಮನೆ "ನೋಡ್ತೇನಿ ಅಕ್ಕ" ಎಂದೆ. ಆದರೆ ಆಸೆ ಹುಟ್ಟಿಬಿಟ್ಟಿತ್ತು.

ಮೊದಲ ಸಲ ತಂದದ್ದೇ ತಪ್ಪು. ಬೀದರಿನ ಒಂದು ಅಂಗಡಿಯಲ್ಲಿ ಹಗ್ಗದಿಂದ ಹೆಣೆದ ಬಲೆಯಂಥದ್ದು ತೂಗುಹಾಕಿದ್ದರು. ಸಸ್ತಾ ಇತ್ತು, ತಂದುಬಿಟ್ಟೆ. ಮಲಗಿದರೆ ಗೌನಿನ ಗುಂಡಿ ಸಿಕ್ಕಿಕೊಂಡಿತು, ಕೂದಲ ಕ್ಲಿಪ್ಪು ಸಿಕ್ಕಿಕೊಂಡಿತು, ಏಳಬೇಕಾದರೆ ಅತ್ತೆ ಬಂದು ಬಿಡಿಸಬೇಕಾಯಿತು. ನನ್ನ ತೋಳಿನ ಮೇಲೆ ಮೂಡಿದ ಚೌಕಗಳನ್ನು ನೋಡಿ ಅತ್ತೆ, "ಇದೇನ ಹುಡುಗಿ, ಚಾಳಣಿ ಮ್ಯಾಲ ಮಲಗಿದ್ದೇನು?" ಅಂದರು. ಮರುದಿನ ಆ ಬಲೆ ಅಡುಗೆಮನೆಯ ಮೂಲೆಯಲ್ಲಿ ತೂಗುತ್ತಿತ್ತು, ತುಂಬ ಉಳ್ಳಾಗಡ್ಡಿ. ಆ ವರ್ಷ ಒಂದು ಉಳ್ಳಾಗಡ್ಡಿಯೂ ಕೊಳೆಯಲಿಲ್ಲ, ಅಷ್ಟರಮಟ್ಟಿಗೆ ದುಡ್ಡು ವಸೂಲಿ.

ಆಮೇಲೆ ಗ್ರೇಸಕ್ಕನ ಪಾಠ ಶುರುವಾಯಿತು. ಬಸ್ಸಿನಲ್ಲಿ ನನ್ನ ಪಕ್ಕ ಕೂತು ಮೊಬೈಲು ಕಸಿದುಕೊಂಡು ಅದರಲ್ಲಿ ಮಾರಾಟಕ್ಕಿದ್ದ ಹ್ಯಾಮಕ್ಕುಗಳಲ್ಲಿ ಒಂದೊಂದನ್ನೇ ತಳ್ಳಿಹಾಕುತ್ತಿದ್ದರು. ನಾನು ಸೊಳ್ಳೆಪರದೆ ಹೊಲಿದು ಜಿಪ್ಪು ಹಾಕಿದ್ದ ಒಂದಕ್ಕೆ ಮನಸೋತಿದ್ದೆ. "ಮನ್ಯಾಗ ಸೊಳ್ಳಿಪರದಿ ಇಲ್ಲೇನು? ಮ್ಯಾಲ ಒಂದು ದಾರ ಕಟ್ಟಿ ಅದನ್ನೇ ಇಳಿಬಿಡು. ಜಿಪ್ಪಿಗಿ ಯಾಕ ರೊಕ್ಕಾ ಕೊಡ್ತೀ?" ಎಂದರು. ಇನ್ನೊಂದು ಬಹಳ ಸಸ್ತಾ ಇತ್ತು, ಕಟ್ಟಲು ಬರೀ ತೆಳ್ಳನೆ ಹಗ್ಗ. "ಇದು ಗಿಡದ ತೊಗಟಿ ಕೊಯ್ತದ, ಜಾರ್ತದ ಬ್ಯಾರೆ. ಮೂರು ಬೆರಳು ಅಗಲದ ಪಟ್ಟಿ ಇರಬೇಕು. ಬಟ್ಟಿ ಪ್ಯಾರಾಚೂಟದು ಇರ್ಲಿ, ನೆನೆದ್ರ ಗಳಿಗ್ಯಾಗ ಆರ್ತದ. ಕೊಂಡಿ ಮಜಬೂತ್ ನೋಡು." ಎಷ್ಟು ಭಾರ ತಡೆಯುತ್ತದೆ ಎಂದು ಬರೆದಿರುತ್ತದಲ್ಲ, ನಮ್ಮ ತೂಕಕ್ಕಿಂತ ಅದು ಧಾರಾಳ ಹೆಚ್ಚಿರಬೇಕು ಎಂದರು. ಗರ್ಭಿಣಿಯರನ್ನು ತೂಗುವ ಕಾಟಾ ಮೇಲೆ ನಾನೂ ಹತ್ತಿ ನೋಡಿದೆ. ಎಷ್ಟು ಬಂತು ಎಂದು ಇಲ್ಲಿ ಬರೆಯುವುದಿಲ್ಲ.

ಕೊನೆಗೆ ಸಿಂಗಲ್, ಡಬಲ್ ಎಂಬಲ್ಲಿ ಬಂದು ನಿಂತೆವು. ನಾನು ಸಿಂಗಲ್ ಮೇಲೆ ಬೆರಳಿಟ್ಟೆ. ಅದೇ ನನಗೆ ಬೇಕಾದದ್ದು, ಒಬ್ಬಳದು.

"ಡಬಲ್ ತಗೋ," ಎಂದರು ಗ್ರೇಸಕ್ಕ.

"ನಾ ಒಬ್ಬಾಕಿನೇ ಅಲ್ಲೇನು ಅಕ್ಕ?"

"ಒಬ್ಬಾಕಿಗೇ ಡಬಲ್ ಬೇಕು, ಹುಚ್ಚಿ. ಸಣ್ಣದರಾಗ ಬಾಳಿಹಣ್ಣಿನಂಗ ಡೊಂಕ ಆಗ್ತೀ. ಅಗಲ ಇದ್ರ ಓರೆಯಾಗಿ ಮಲಗ್ಲಿಕ್ಕ ಬರ್ತದ, ಬೆನ್ನು ಸಪಾಟ ಆಗ್ತದ. ಡಬಲ್ ಅಂತ ಇಬ್ರು ಮಲಗಿದ್ರಂದ್ರ ಇಬ್ರೂ ನಡುವ ಕುಣ್ಯಾಗ ಜಾರಿ ಬೀಳ್ತೀರಿ. ಆಕಿಗೂ ನಿದ್ದಿ ಇಲ್ಲ, ಈತಗೂ ನಿದ್ದಿ ಇಲ್ಲ."

ಗುತ್ತಿಗೆ ನರ್ಸಿನ ಸಂಬಳಕ್ಕೆ ನಿಲುಕುವಂಥ ಒಂದು ನೀಲಿ ಬಣ್ಣದ್ದು ತರಿಸಿದೆ. ಬಿಚ್ಚಿದರೆ ಅಂಗಳದ ತುಂಬ, ಮಡಚಿದರೆ ಒಂದು ತೆಂಗಿನಕಾಯಿಯಷ್ಟು. ಅತ್ತೆಗೆ ಡಬಲ್ ಎಂಬ ಮಾತು ಕಿವಿಗೆ ಬಿದ್ದಿತ್ತು. "ಈ ವಯಸ್ಸಿನ್ಯಾಗ ಗಂಡ ಹೆಂಡ್ತಿ ಅಂಗಳದಾಗ ಜೋಕಾಲಿ ಆಡ್ತೀರೇನು? ಮಂದಿ ಏನಂದಾರು?" ಎಂದು ಬಾಯಿಗೆ ಸೆರಗು ಹಿಡಿದರು. ಹೊರಗಿನ ಪಡಸಾಲೆಯ ಕಂಬಕ್ಕೂ ಅಂಗಳದ ಬೇವಿನ ಗಿಡಕ್ಕೂ ಕಟ್ಟಿದ್ದು ನಮ್ಮ ಮನೆಯವರು. ನಿದ್ದೆ ಬರದವರಿಗೆ ಮಾಡಲು ಏನಾದರೂ ಬೇಕಲ್ಲ. ಜೋತು ಬಿದ್ದದ್ದು ಇವರ ಕಣ್ಣಿಗೆ ಆಗುವುದಿಲ್ಲ. ದಿನ ಬೆಳಗಾದರೆ ಊರೂರಿನಿಂದ ಬರುವ ದೂರು ತಂತಿ ಜೋತು ಬಿದ್ದಿದೆ ಎಂಬುದೇ. ಹ್ಯಾಮಕ್ಕನ್ನೂ ಕಂಬದ ತಂತಿಯಂತೆ ಎಳೆದು ಬಿಗಿದರು. ಬಡಿದರೆ ಹಲಗೆಯಂತೆ ಸದ್ದು ಬರುತ್ತಿತ್ತು. "ಈಗ ಕೂಡು," ಎಂದರು. ಕೂತೆ. ಅದು ನನ್ನನ್ನು ಒಂದು ಸಲ ಎತ್ತಿ ಬೇವಿನ ಬುಡಕ್ಕೆ ಒಗೆಯಿತು. ಅತ್ತೆ ನಕ್ಕು ನಕ್ಕು ಕೆಮ್ಮು ಹತ್ತಿಸಿಕೊಂಡರು. ಇವರೂ ನಕ್ಕರು. ಆ ಮಳೆಗಾಲದಲ್ಲಿ ಇವರು ನಕ್ಕದ್ದು ನಾನು ನೋಡಿದ್ದು ಅದೊಂದೇ ಸಲ, ಸೊಂಟ ನೋಯುತ್ತಿದ್ದರೂ ನನಗೆ ಖುಷಿಯಾಯಿತು.

ಮಾರನೆಯ ದಿನ ಗ್ರೇಸಕ್ಕನಿಗೆ ಫೋನ್ ಮಾಡಿ, ಸಡಿಲು ಬಿಟ್ಟು, ಕೂತರೆ ಕುರ್ಚಿಯಷ್ಟು ಎತ್ತರ ಬರುವಂತೆ ಕಟ್ಟಿದೆ. ಡ್ಯೂಟಿಯಿಂದ ಬಂದು ಕಾಲು ನೀವಿಕೊಳ್ಳುತ್ತ ಅದರಲ್ಲಿ ದೊಪ್ಪನೆ ಕೂತರೆ ತೊಡೆಗೆ ಕಲ್ಲು ಬಡಿಯಿತು. ನಿಜವಾದ ಕಲ್ಲೇ, ಒಳಗಿನ ಒರಳಿನ ಗುಂಡು. ಗಾಳಿಗೆ ಖಾಲಿ ಹ್ಯಾಮಕ್ ತೂಗುತ್ತಿತ್ತಂತೆ, ಅತ್ತೆಗೆ ಅದನ್ನು ನೋಡಿಕೊಂಡು ಸುಮ್ಮನಿರಲಾಗಲಿಲ್ಲ. ಖಾಲಿ ತೊಟ್ಟಿಲು ತೂಗಬಾರದು ಎಂಬುದು ಅವರ ಲೆಕ್ಕ. ಕೂಸಿಗೆ ಹೆಸರಿಡುವ ದಿನ ತೊಟ್ಟಿಲಿಗೆ ಮೊದಲು ಗುಂಡುಕಲ್ಲು ಹಾಕಿ ತೂಗುವುದಿಲ್ಲವೇ, ಹಾಗೆ ಇದಕ್ಕೂ ಒಂದು ಕಲ್ಲು ಮಲಗಿಸಿದ್ದರು. "ಅದು ತೊಟ್ಲಾ ಅಲ್ರಿ ಅತ್ತಿ," ಎಂದರೆ, "ತೂಗ್ತದಲ್ಲ, ತೊಟ್ಲಾನೇ," ಎಂದರು. ಆಮೇಲೆ ದಿನಾಲೂ ಮಲಗುವ ಮೊದಲು ಗುಂಡುಕಲ್ಲನ್ನು ಎತ್ತಿ ಕೆಳಗಿಡುವುದು ನನ್ನ ಕೆಲಸವಾಯಿತು. ಕಲ್ಲಿಗೂ ಒಂದು ಪಾಳಿ.

ಹೀಗೆ ಸೋಯಾ ಕೊಯ್ಲು ಬಂತು. ಕೊಯ್ದದ್ದರ ಮೇಲೆ ಮತ್ತೆ ಮಳೆ ಬಿತ್ತು. ಬಸ್ಸಿನ ದಾರಿಗುಂಟ ಎಲ್ಲ ಹೊಲದಿಂದಲೂ ಆ ಹುಳಿ ವಾಸನೆ, ಮನೆಗೆ ಬಂದ ಮೇಲೂ ಸೀರೆಯಿಂದ ಹೋಗುತ್ತಿರಲಿಲ್ಲ. ಒಂದು ದಿನ ಬೆಳಗಿನ ಪಾಳಿಯಲ್ಲಿ ಹೆರಿಗೆಯ ಮೇಲೆ ಹೆರಿಗೆ, ನಿಂತ ಕಾಲಿನ ಮೇಲೆ ನಿಂತೇ ಇದ್ದೆ. ಬಸ್ಸಿನಲ್ಲಿಯೂ ಸೀಟು ಸಿಗಲಿಲ್ಲ. ಮನೆ ಮುಟ್ಟಿದರೆ ಸಾಕು, ಆ ನೀಲಿ ಬಟ್ಟೆಯಲ್ಲಿ ಬಿದ್ದುಕೊಂಡರೆ ಸಾಕು ಎಂದುಕೊಳ್ಳುತ್ತ ಬಂದೆ. ನೋಡಿದರೆ ಅತ್ತೆ ಗೇಟಿನ ಹೊರಗೆ ಕಟ್ಟೆಯ ಮೇಲೆ ಕೋಲು ಹಿಡಿದು ಕೂತಿದ್ದರು. ಕಾಯಿಪಲ್ಲೆ ಗಾಡಿಯವನು ಕೂಗದೆ ಬಾಯಿ ಮುಚ್ಚಿಕೊಂಡು ಹೋಗುತ್ತಿದ್ದ, ಅವನನ್ನೂ ಗದರಿಸಿದ್ದರು ಅಂತ ಕಾಣುತ್ತದೆ.

"ಶ್! ಮಲಗ್ಯಾನ," ಎಂದರು ಅತ್ತೆ. "ಮುಂಜಾನಿ ಬಂದಾಂವ ಕಲ್ಲು ತೆಗೆದಿಟ್ಟು ಅದರಾಗ ಬಿದ್ದಾನ ನೋಡು, ಇನ್ನಾ ಎದ್ದಿಲ್ಲ."

ಇವರು ಓರೆಯಾಗಿ, ಬಾಯಿ ತೆರೆದು, ಒಂದು ಕೈ ಹೊರಗೆ ಇಳಿಬಿಟ್ಟು ಮಲಗಿದ್ದರು. ತಿಂಗಳುಗಟ್ಟಲೆ ನಾನು ಬೇಡಿಕೊಂಡ ನಿದ್ದೆ ಅದು. ಖುಷಿಪಡಬೇಕಾಗಿತ್ತು. ನನಗೆ ಸಿಟ್ಟು ಬಂತು. ಮನೆಯಲ್ಲಿ ಮಂಚ ಇದೆ, ಚಾಪೆ ಇದೆ, ಇಷ್ಟಗಲ ನೆಲ ಇದೆ. ಎಲ್ಲಿಯೂ ಬಾರದ ನಿದ್ದೆ ನನ್ನದು ಅಂತ ಇದ್ದ ಒಂದೇ ಒಂದು ಜಾಗಕ್ಕೆ ಬಂದು ಬೀಳಬೇಕೇ? ಮೆಟ್ಟಿಲ ಮೇಲೆ ಕೂತು ಬಾತ ಕಾಲುಗಳನ್ನು ನೋಡಿಕೊಂಡು ಕಣ್ಣೀರು ಹಾಕಿದೆ. ಗುಂಡುಕಲ್ಲು ನನ್ನ ಪಕ್ಕದಲ್ಲೇ ಇತ್ತು.

ಅತ್ತು ಮುಗಿದ ಮೇಲೆ ಎದ್ದು ಹತ್ತಿರ ಹೋದೆ. ಉಸಿರು ನೋಡಿದೆ, ಸಮ ಇತ್ತು. ಇಳಿಬಿಟ್ಟ ಕೈಯ ಮಣಿಕಟ್ಟು ಮೆಲ್ಲಗೆ ಹಿಡಿದು ನಾಡಿ ನೋಡಿದೆ. ಇವರು ಬೆಚ್ಚಿ ಕಣ್ಣು ತೆರೆದರು.

"ಏನಾತು? ಯಾರಿಗಿ ಏನಾತು?"

"ಏನಿಲ್ರಿ. ಮಲಗ್ರಿ, ಮಲಗ್ರಿ."

ಮತ್ತೆ ಅವರಿಗೆ ನಿದ್ದೆ ಬರಲಿಲ್ಲ. ಎದ್ದು ಒಳಗೆ ಹೋಗಿ ಮುಖ ತೊಳೆದುಕೊಂಡರು. ಅತ್ತೆ ಗೇಟಿನ ಹತ್ತಿರದಿಂದ ನನ್ನನ್ನೇ ನೋಡುತ್ತಿದ್ದರು.

ಅಂದೇ ನಿರ್ಧಾರ ಮಾಡಿದೆ: ಹ್ಯಾಮಕ್ ಇವರಿಗೇ ಇರಲಿ, ನಾನು ನಡೆಯಲು ಹೋಗುವುದಿಲ್ಲ. ಇನ್ನೊಂದು ತರಿಸುವಷ್ಟು ದುಡ್ಡೂ ಇರಲಿಲ್ಲ, ದಿನಗಳೂ ಉಳಿದಿರಲಿಲ್ಲ. ಮನುಷ್ಯರ ಜೀವದ ಪ್ರಶ್ನೆ ಇರುವಾಗ ನನ್ನ ಆಸೆ ಎಷ್ಟರದು? ಹೀಗೆಲ್ಲ ನನಗೆ ನಾನೇ ಹೇಳಿಕೊಂಡೆ, ಒಳಗೆ ಮಾತ್ರ ಕುದಿಯುತ್ತಿತ್ತು. ಊಟಕ್ಕೆ ಕೂತಾಗ ಹೇಳಿದರೆ ಇವರು ತಟ್ಟೆಯಿಂದ ಮುಖ ಎತ್ತಲಿಲ್ಲ. "ನಿಂದು ಅದ. ನೀ ಒಯ್ಯಿ," ಎಂದರು.

"ಮತ್ತ ನೀವು ಎಲ್ಲಿ ಮಲಗ್ತೀರಿ?"

ಅದಕ್ಕೆ ಉತ್ತರ ಕೊಟ್ಟವರು ಅತ್ತೆ. "ಹೋಗು ಹುಡುಗಿ ನೀ. ಅದನ್ನೂ ಒಯ್ಯಿ. ನೀ ನಾಕ ದಿನ ಇಲ್ಲಂದ್ರೇ ಛಲೋ."

ನನಗೆ ಕಪಾಳಕ್ಕೆ ಹೊಡೆದಂತಾಯಿತು. ಈ ಮನೆಗೆ ದುಡಿದು, ಇವರ ಮಗನನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯ್ದು, ಕೊನೆಗೆ ನಾನಿಲ್ಲದಿದ್ದರೇ ಛಲೋ ಅಂತ ಅನ್ನಿಸಿಕೊಳ್ಳಬೇಕೇ? "ಆತು ಬಿಡ್ರಿ, ಹೋಗ್ತೇನಿ," ಎಂದೆ. ಹ್ಯಾಮಕ್ ಬಿಚ್ಚಿ, ಬೇವಿನ ಗಿಡದ ಧೂಳು ಕೂಡ ಕೊಡವದೆ ಚೀಲಕ್ಕೆ ತುರುಕಿದೆ. ಹೊರಡುವ ದಿನ ಇಬ್ಬರಿಗೂ ಸರಿಯಾಗಿ ಮುಖ ತೋರಿಸಲಿಲ್ಲ.

ಆ ನಡಿಗೆಯ ಬಗ್ಗೆ ಬಹಳ ಹೇಳುವುದಿಲ್ಲ. ಮಾಂಜರಾ ಆ ವರ್ಷ ತುಂಬಿ ಇಳಿದಿತ್ತು, ದಂಡೆಯ ಮೇಲೆ ಹೂಳು ಇನ್ನೂ ಹಸಿ. ತೊಗರಿ ಹೂ ಬಿಟ್ಟಿತ್ತು. ದಾರಿಯಲ್ಲೆಲ್ಲ ಜಾಲಿಯ ಮುಳ್ಳು, ಕಟ್ಟಲು ಬರುವಂಥ ಗಿಡ ಸಿಗಬೇಕಾದರೆ ಬಹಳ ನಡೆಯಬೇಕಾಗುತ್ತಿತ್ತು. ಮೊದಲ ರಾತ್ರಿ ಬೆನ್ನಿನ ಕೆಳಗಿಂದ ಥಂಡಿ ಏರಿ ಬಂತು. ಗಾಳಿಯಲ್ಲಿ ತೂಗುವವರಿಗೆ ಹೊದ್ದುಕೊಳ್ಳುವುದಕ್ಕಿಂತ ಹಾಸಿಕೊಳ್ಳುವುದೇ ಹೆಚ್ಚು ಬೇಕು ಎಂದು ಯಾರಿಗೆ ಗೊತ್ತಿತ್ತು. ಗ್ರೇಸಕ್ಕ ಬೈದು ತಮ್ಮ ಹೆಚ್ಚಿನ ಕೌದಿ ಕೊಟ್ಟರು. ಬೆಚ್ಚಗಾದರೂ ನಿದ್ದೆ ಬರಲಿಲ್ಲ. ಇವರು ಮಲಗಿದರೋ ಇಲ್ಲವೋ, ಡ್ಯೂಟಿಯಲ್ಲಿ ಕೈ ಎಲ್ಲಿ ಇಟ್ಟರೋ. ಅಲ್ಲಿ ಫೋನು ಹತ್ತುತ್ತಿರಲಿಲ್ಲ. ಮರುದಿನ ಬಿಸಿಲು ಏರಿದ ಮೇಲೆ ಒಂದು ಹುಣಸೆ ಮರದ ಕೆಳಗೆ ಎಲ್ಲರೂ ಊಟಕ್ಕೆ ನಿಂತರು. ನಾನು ಸುಮ್ಮನೆ ಕಟ್ಟಿ, ಓರೆಯಾಗಿ ಒರಗಿದೆ ಅಷ್ಟೇ. ಗ್ರೇಸಕ್ಕ ಎಬ್ಬಿಸಿದಾಗ ಬಿಸಿಲು ನದಿಯ ಆಚೆ ದಂಡೆಗೆ ಹೋಗಿತ್ತು. ನನಗೋಸ್ಕರ ಎಲ್ಲರೂ ಕಾಯುತ್ತ ಕೂತಿದ್ದರು. "ಯಾಕ ಎಬ್ಬಿಸಿಲ್ಲ ಅಕ್ಕ?" ಎಂದು ನಾಚಿಕೊಂಡೆ. "ಎಬ್ಬಿಸಲಿಕ್ಕ ನಾವೇನು ಡ್ಯೂಟಿ ಮ್ಯಾಲ ಇದ್ದೀವೇನು?" ಎಂದರು.

ತಿರುಗಿ ಬೀದರಿಗೆ ಬಂದದ್ದು ಮಧ್ಯಾಹ್ನ. ಗೇಟಿನ ಹತ್ತಿರ ಯಾರೂ ಇರಲಿಲ್ಲ. ಬಾಗಿಲು ತೆರೆದೇ ಇತ್ತು. ಅತ್ತೆ ಹೊಸ್ತಿಲ ಒಳಗೆ ಕೂತು ಕಾಳು ಆರಿಸುತ್ತಿದ್ದರು. ನಡುಮನೆಯಲ್ಲಿ, ಹೋಗಿ ಬರುವವರ ದಾರಿಯಲ್ಲೇ, ಚಾಪೆಯ ಮೇಲೆ ಇವರು ಮಲಗಿದ್ದರು. ಸಣ್ಣ ಗೊರಕೆ. ನಾನು ಚೀಲ ಇಳಿಸಿ ಎಂದಿನಂತೆ ಬಗ್ಗಿ ನೋಡಲು ಹೋದೆ. ಅತ್ತೆ ನನ್ನ ಸೆರಗು ಹಿಡಿದರು.

"ಬ್ಯಾಡ," ಎಂದರು. "ಅಡಗಿ ಮನ್ಯಾಗ ನಡಿ. ನೀ ಹೋದಾಗಿಂದ ಹಿಂಗೇ ಮಲಗ್ಲತ್ತಾನ."

ಸಂಜೆ ಎದ್ದರು. ಮುಖ ಇಳಿದಿತ್ತು, ಆದರೆ ಕಣ್ಣು ತಿಳಿಯಾಗಿದ್ದವು. ಅತ್ತೆ ಚಹಾ ಕೊಟ್ಟು, ನಮ್ಮಿಬ್ಬರನ್ನೇ ಬಿಟ್ಟು ಕಾಯಿಪಲ್ಲೆ ತರುತ್ತೇನೆಂದು ಹೊರಗೆ ಹೋದರು.

"ಹ್ಯಾಂಗ ನಿದ್ದಿ ಬಂತ್ರಿ?" ಎಂದೆ. "ಏನು ಮಾಡಿದ್ರಿ?"

"ಏನೂ ಮಾಡಿಲ್ಲ. ಮಲಗಿದೆ." ಬಸಿಗೆ ಚಹಾ ಸುರಿದುಕೊಂಡು ಆರಿಸಿದರು. "ಸಿಟ್ಟಿಗಿ ಬರಬ್ಯಾಡ ಶೀಲಾ. ನೀ ಬಾಜೂಕ ಇದ್ರ ನಂಗ ನಿದ್ದಿ ಬರಂಗಿಲ್ಲ."

"ಯಾಕ್ರಿ?"

"ನೀ ಕಾಯ್ತೀ. ನಾ ಕಣ್ಣು ಮುಚ್ಚಿದ್ರ ನಿನ್ನ ಕಿವಿ ನನ್ನ ಉಸರಿನ ಮ್ಯಾಲೇ ಇರ್ತದ, ನಂಗ ಗೊತ್ತಾಗ್ತದ. ನೀ ಡ್ಯೂಟಿಗಿ ಹೋದಾಗೂ, ಬಂದು ಬಾಜೂಕ ಮಲಗಿ ನೋಡ್ತೀ ಅಂತ ಕಣ್ಣು ಮುಚ್ಚಂಗಿಲ್ಲ. ಅಲ್ಲಿ ಕಂಬದ ಮ್ಯಾಲ ಇದ್ದಾಂವನ ಜೀವಾ ನನ್ನ ಕೈಯಾಗ. ಇಲ್ಲಿ ಬಂದ್ರ ನಾ ಮಲಗಿದ್ರ ಅಷ್ಟೇ ನೀ ಮಲಗ್ತೀ. ನಿನ್ನ ನಿದ್ದಿನೂ ನನ್ನ ಕೈಯಾಗೇ. ಹ್ಯಾಂಗ ಮಲಗ್ಲಿ ಹೇಳು?"

"ಇಷ್ಟು ದಿನಾ ಯಾಕ ಹೇಳಿಲ್ರಿ?"

"ಹ್ಯಾಂಗ ಹೇಳ್ಲಿ? ನೀ ಮಾಡ್ಲತ್ತಿದ್ದಿದ್ದೇ ನನ್ನ ಸಲುವಾಗಿ."

ನನ್ನ ಕೈಯಲ್ಲಿದ್ದ ಚಹಾ ಹಾಗೇ ಆರಿತು. ಹ್ಯಾಮಕ್ಕಿನಲ್ಲಿ ಇವರಿಗೆ ನಿದ್ದೆ ತಂದದ್ದು ಪ್ಯಾರಾಚೂಟ್ ಬಟ್ಟೆಯಲ್ಲ, ಬೇವಿನ ಗಾಳಿಯಲ್ಲ; ಅದರ ಪಕ್ಕದಲ್ಲಿ ನಾನು ಮಲಗಲು ಜಾಗ ಇರಲಿಲ್ಲ, ಅಷ್ಟೇ. ಇಡೀ ಮಳೆಗಾಲ ನಿದ್ದೆಗೆಟ್ಟು ನಾನು ಇವರ ನಿದ್ದೆಯನ್ನೇ ಕಾದಿದ್ದೆ, ಕಾದೇ ಕೆಡಿಸಿದ್ದೆ. ಅತ್ತೆಗೆ ಅದು ಯಾವಾಗಲೋ ತಿಳಿದಿತ್ತು. ದುಃಖ ಆಯಿತು, ಬಹಳ ದುಃಖ ಆಯಿತು. ಅದರ ಜೊತೆಗೆ ಹೆಗಲಿನಿಂದ ಏನೋ ಇಳಿದಂತೆಯೂ ಆಯಿತು. ಯಾವುದು ಹೆಚ್ಚು ಎಂದು ಈಗ ಕೇಳಿದರೂ ನನಗೆ ಹೇಳಲಾಗುವುದಿಲ್ಲ.

ಅಂದು ಇವರಿಗೆ ರಾತ್ರಿ ಪಾಳಿ. ಡಬ್ಬಿ ಹಿಡಿದು ಹೊರಟರು. ನಾನು ಬಾಗಿಲಿನವರೆಗೆ ಹೋದೆ. ಮುಟ್ಟಿದ ಕೂಡಲೇ ಫೋನ್ ಮಾಡ್ರಿ, ನಡುವೆ ಒಂದು ಸಲ ಮಾಡ್ರಿ, ಕಣ್ಣು ಎಳೆದರೆ ಎದ್ದು ಮುಖ ತೊಳೀರಿ, ಇದೆಲ್ಲ ದಿನಾಲೂ ನಾನು ಹೇಳುವ ಮಾತು. ಬಾಯಿಯವರೆಗೆ ಬಂತು. ಇವರು ಗೇಟಿನ ಚಿಲಕ ಹಿಡಿದು, ಅದನ್ನು ಕೇಳಿಸಿಕೊಂಡೇ ಹೋಗಬೇಕು ಎಂಬಂತೆ ನಿಂತಿದ್ದರು.

"ಹೋಗಿ ಬರ್ರಿ," ಎಂದೆ.

ಒಂದು ಗಳಿಗೆ ನನ್ನ ಮುಖ ನೋಡಿ, ತಲೆಯಾಡಿಸಿ ಹೋದರು. ನಾನು ಒಳಗೆ ಬಂದು, ಅವರು ಎದ್ದುಹೋದ ಚಾಪೆಯ ಮೇಲೆ ಹಾಗೇ ಅಡ್ಡಾದೆ. ಆ ರಾತ್ರಿ ಅವರ ಫೋನು ಬರಲಿಲ್ಲ. ಬಂದಿಲ್ಲ ಎಂಬುದು ನನಗೆ ಗೊತ್ತಾದದ್ದು ಮರುದಿನ ಬೆಳಿಗ್ಗೆ, ಒಂದೇ ನಿದ್ದೆಯಲ್ಲಿದ್ದ ನನ್ನನ್ನು ಅತ್ತೆ ಚಹಾಕ್ಕೆ ಎಬ್ಬಿಸಿದಾಗ.